ಜನರಲ್ ಆವರೇಜ್, ಲೀನ್, ಅರೆಸ್ಟ್: ಹಡಗಿನ ಕ್ಲೇಮ್ ಕಾಗದದಲ್ಲಿ ಬರುವ ಪದಗಳನ್ನು ಯಾರಾದರೂ ಬಿಡಿಸಿ ಹೇಳಿ

ಗೇರುಬೀಜ_ಕುಡ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರು ಹತ್ತಿರ ಒಂದು ಸಣ್ಣ ಗೇರುಬೀಜ ಫ್ಯಾಕ್ಟರಿ. ಪಶ್ಚಿಮ ಆಫ್ರಿಕಾದಿಂದ ಕಚ್ಚಾ ಬೀಜ ತರಿಸುತ್ತೇವೆ. ಈ ಸಲ ನಮ್ಮ ಕಂಟೇನರ್‌ಗಳಿದ್ದ ಹಡಗಿಗೆ ದಾರಿ ಮಧ್ಯೆ ಬೆಂಕಿ ಬಿದ್ದಿದೆ. ಟಗ್‌ಗಳು ಬಂದು ಹತ್ತಿರದ ಬಂದರಿಗೆ ಎಳೆದುಕೊಂಡು ಹೋಗಿವೆ. ನಮ್ಮ ಕಂಟೇನರ್‌ಗಳಿಗೆ ಏನೂ ಆಗಿಲ್ಲ ಅಂತ ಶಿಪ್ಪಿಂಗ್ ಲೈನ್‌ನವರೇ (ಹಡಗಿನ ಕಂಪನಿ) ಹೇಳಿದರು, ಸದ್ಯ ಅಂದುಕೊಂಡೆವು.

ಈಗ ನೋಡಿದರೆ ನಷ್ಟ ಹಂಚಿಕೆಯ ಲೆಕ್ಕ ಹಾಕುವ ಆವರೇಜ್ ಅಡ್ಜಸ್ಟರ್ ಅನ್ನುವವರಿಂದ ಉದ್ದನೆಯ ಮೇಲ್ ಬಂದಿದೆ. ಜನರಲ್ ಆವರೇಜ್ ಘೋಷಣೆ ಆಗಿದೆಯಂತೆ. ಆವರೇಜ್ ಬಾಂಡ್, ಆವರೇಜ್ ಗ್ಯಾರಂಟಿ, ಸಾಲ್ವೇಜ್ ಸೆಕ್ಯುರಿಟಿ ಇಷ್ಟನ್ನೂ ಕೊಡಬೇಕಂತೆ. ಇಲ್ಲದಿದ್ದರೆ ಸರಕಿನ ಮೇಲೆ ಲೀನ್, ಅಂದರೆ ಹಿಡಿದಿಟ್ಟುಕೊಳ್ಳುವ ಹಕ್ಕು, ಇರುತ್ತದೆ, ಡೆಲಿವರಿ ಕೊಡುವುದಿಲ್ಲ ಅಂತ ಬರೆದಿದ್ದಾರೆ. ಜೊತೆಗೆ ಸಹಿ ಹಾಕಿ ಕಳಿಸಿ ಅಂತ ನಾಲ್ಕು ಫಾರ್ಮ್. ಅಪ್ಪ ಸಹಿ ಹಾಕಲೇಬೇಡ ಅನ್ನುತ್ತಾರೆ. ಫ್ಯಾಕ್ಟರಿಯಲ್ಲಿ ಬೀಜ ಮುಗಿಯುತ್ತಾ ಬಂದಿದೆ, ಕೆಲಸದ ಹೆಂಗಸರಿಗೆ ಕೆಲಸ ಇಲ್ಲದ ಹಾಗಾಗುತ್ತದೆ. ಏನು ಮಾಡಲಿ?

ಪಣಂಬೂರು_ಸಿಎಚ್‌ಎ

ಹೆದರಬೇಡಿ ಮಾರಾಯ್ರೆ. ಮೊದಲು ಮಾಡಬೇಕಾದ್ದು ಒಂದೇ: ಇವತ್ತೇ ನಿಮ್ಮ ಮರೈನ್ ಇನ್ಶೂರೆನ್ಸ್‌ನವರಿಗೆ ಆ ಮೇಲ್ ಫಾರ್ವರ್ಡ್ ಮಾಡಿ. ಬಿ.ಎಲ್. (ಬಿಲ್ ಆಫ್ ಲೇಡಿಂಗ್, ಹಡಗಿನವರು ಕೊಡುವ ಸರಕಿನ ರಸೀದಿ) ಕಾಪಿ, ಕಮರ್ಷಿಯಲ್ ಇನ್‌ವಾಯ್ಸ್, ಪಾಲಿಸಿ ಕಾಪಿ ಮೂರನ್ನೂ ಜೊತೆಗೆ ಸೇರಿಸಿ. ಗ್ಯಾರಂಟಿ ಫಾರ್ಮ್‌ಗೆ ಸಹಿ ಹಾಕುವವರು ಅವರು, ನೀವಲ್ಲ. ಬಾಂಡ್ ಮಾತ್ರ ನಿಮ್ಮದು.

ಮಾಲು ತಗೊಂಡಿದ್ದು ಯಾವ ಟರ್ಮ್ಸ್ ಮೇಲೆ? ಸಿ.ಐ.ಎಫ್. (ಬೆಲೆಯಲ್ಲೇ ವಿಮೆ, ಹಡಗು ಬಾಡಿಗೆ ಸೇರಿದ್ದು) ಆದರೆ ಇನ್ಶೂರೆನ್ಸ್ ಮಾಡಿಸಿರುವವರು ಮಾರಿದವರು, ಪಾಲಿಸಿ ನಿಮ್ಮ ಹೆಸರಿಗೆ ಎಂಡಾರ್ಸ್ ಆಗಿ ಬಂದಿರಬೇಕು. ವಿಮೆ ಸೇರದ ಎಫ್.ಒ.ಬಿ. ಅಥವಾ ಸಿ ಅಂಡ್ ಎಫ್ ಆದರೆ ನೀವೇ ಮಾಡಿಸಿರಬೇಕು. ಮಾಡಿಸಿಲ್ಲ ಅಂದರೆ ಕಷ್ಟ, ಆಗ ನಗದು ಡೆಪಾಸಿಟ್ ಕೇಳುತ್ತಾರೆ.

ಗೇರುಬೀಜ_ಕುಡ್ಲ

ಸಿ.ಐ.ಎಫ್. ಸರ್. ಪಾಲಿಸಿ ಇದೆ, ಆದರೆ ಅದರಲ್ಲಿ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ (ವಿಮೆಯ ಷರತ್ತುಗಳು) 'ಸಿ' ಅಂತಿದೆ. ಅದು ಅತಿ ಕಮ್ಮಿ ಕವರ್ ಅಂತ ಕೇಳಿದ್ದೆ.

ವಕೀಲೆ_ಬೆಂಗಳೂರು

ನಾನು ಹೈಕೋರ್ಟ್‌ನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ, ಹಡಗಿನ ಕೇಸುಗಳು ಆಗಾಗ ಬರುತ್ತವೆ. 'ಸಿ' ಕ್ಲಾಸ್ ಕಮ್ಮಿ ಕವರ್ ಅನ್ನುವುದು ನಿಜ. ಆದರೆ ಎ, ಬಿ, ಸಿ ಮೂರರಲ್ಲೂ ಜನರಲ್ ಆವರೇಜ್ ಮತ್ತು ಸಾಲ್ವೇಜ್ (ಅಪಾಯದಿಂದ ಹಡಗು, ಸರಕು ಉಳಿಸಿದವರಿಗೆ ಕೊಡುವ ಪ್ರತಿಫಲ) ಎರಡೂ ಸೇರಿರುತ್ತವೆ. ಹಾಗಾಗಿ ನಿಮ್ಮ ವಿಮೆಯವರು ಗ್ಯಾರಂಟಿ ಕೊಡಬೇಕು. ಒಂದು ವಿಷಯ ನೋಡಿಕೊಳ್ಳಿ. ಸರಕಿನ ನಿಜವಾದ ಬೆಲೆಗಿಂತ ಕಡಿಮೆ ಮೊತ್ತಕ್ಕೆ ಪಾಲಿಸಿ ಆಗಿದ್ದರೆ ವಿಮೆಯವರು ಅದೇ ಪ್ರಮಾಣದಲ್ಲಿ ಕೊಡುತ್ತಾರೆ, ಉಳಿದದ್ದು ನಿಮ್ಮ ತಲೆಗೆ.

ಈಗ ಪದಗಳ ವಿಷಯ. ಹಡಗಿನ ಕಾನೂನಿನಲ್ಲಿ ಯಾವ ಹೊಸ ಪದ ಬಂದರೂ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಯಾರನ್ನು ಅಥವಾ ಯಾವುದನ್ನು ಹಿಡಿಯಬಹುದು? ಎಷ್ಟು ಮೊತ್ತದವರೆಗೆ? ಎಷ್ಟು ದಿನದೊಳಗೆ? ಹೆಚ್ಚಿನ ಪದಗಳು ಇವುಗಳಲ್ಲಿ ಒಂದಕ್ಕೆ ಉತ್ತರ ಆಗಿರುತ್ತವೆ. ಹೀಗೆ ಓದಿದರೆ ಆ ಮೇಲ್ ಅಷ್ಟು ಹೆದರಿಸುವುದಿಲ್ಲ.

ಜನರಲ್ ಆವರೇಜ್ ಅಂದರೆ: ಹಡಗು ಮತ್ತು ಅದರ ಮೇಲಿನ ಎಲ್ಲ ಸರಕು ಒಟ್ಟಿಗೆ ಅಪಾಯದಲ್ಲಿದ್ದಾಗ ಎಲ್ಲವನ್ನೂ ಉಳಿಸಲು ಬೇಕೆಂದೇ ಏನನ್ನಾದರೂ ಬಲಿ ಕೊಟ್ಟರೆ ಅಥವಾ ಅಸಾಮಾನ್ಯ ಖರ್ಚು ಮಾಡಿದರೆ, ಆ ನಷ್ಟವನ್ನು ಉಳಿದ ಎಲ್ಲರೂ ತಮ್ಮ ತಮ್ಮ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ಇದರ ಲೆಕ್ಕಕ್ಕೆ ಯಾರ್ಕ್-ಆಂಟ್‌ವರ್ಪ್ ನಿಯಮಗಳು ಅಂತ ಇವೆ, ಹೆಚ್ಚುಕಮ್ಮಿ ಎಲ್ಲ ಬಿ.ಎಲ್. ಹಿಂದೆಯೂ ಅವುಗಳ ಉಲ್ಲೇಖ ಇರುತ್ತದೆ. ಬೆಂಕಿಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಬೆಂಕಿಯಲ್ಲಿ ಸುಟ್ಟುಹೋದ ಸರಕು ಜನರಲ್ ಆವರೇಜ್ ಅಲ್ಲ, ಅದು ಆಯಾ ಮಾಲೀಕರ ನಷ್ಟ. ಹೊಗೆ ಮತ್ತು ಶಾಖದಿಂದ ಕೆಟ್ಟದ್ದೂ ಅಷ್ಟೇ. ಆದರೆ ಬೆಂಕಿ ಆರಿಸಲು ಸುರಿದ ನೀರಿನಿಂದ ಹಾಳಾದ ಸರಕು ಜನರಲ್ ಆವರೇಜ್‌ಗೆ ಸೇರುತ್ತದೆ, ಯಾಕೆಂದರೆ ಆ ನೀರನ್ನು ಎಲ್ಲರ ಸಲುವಾಗಿ ಸುರಿದದ್ದು.

ಗೇರುಬೀಜ_ಕುಡ್ಲ

ಅರ್ಥ ಆಯಿತು ಮೇಡಂ. ಆದರೆ ನ್ಯಾಯ ಅನ್ನಿಸುತ್ತಿಲ್ಲ. ನಮ್ಮ ತಪ್ಪು ಏನೂ ಇಲ್ಲ, ನಮ್ಮ ಬೀಜಕ್ಕೆ ಏನೂ ಆಗಿಲ್ಲ, ಆದರೂ ನಾವು ಯಾಕೆ ಕೊಡಬೇಕು? ಬಾಂಡ್‌ಗೆ ಸಹಿ ಹಾಕಿದರೆ ಎಲ್ಲ ಒಪ್ಪಿಕೊಂಡ ಹಾಗೆ ಆಗುತ್ತದೆ ಅಲ್ವಾ?

ವಕೀಲೆ_ಬೆಂಗಳೂರು

ಏನೂ ಆಗಿಲ್ಲ ಅನ್ನುವ ಕಾರಣಕ್ಕೇ ಕೊಡಬೇಕು. ಉಳಿದವರು ಮಾತ್ರ ಹಂಚಿಕೊಳ್ಳಲು ಸಾಧ್ಯ. ಲೆಕ್ಕ ಹೀಗೆ. ಉಳಿದ ಹಡಗಿನ ಬೆಲೆ 60 ಕೋಟಿ, ಉಳಿದ ಎಲ್ಲ ಸರಕಿನ ಬೆಲೆ 40 ಕೋಟಿ ಅಂತಿಟ್ಟುಕೊಳ್ಳಿ. ಒಟ್ಟು 100 ಕೋಟಿ. ಉಳಿಸಲು ಆದ ಖರ್ಚು ಮತ್ತು ಬಲಿ 10 ಕೋಟಿ. ಅಂದರೆ ಪ್ರತಿಯೊಬ್ಬರಿಗೂ ಶೇಕಡಾ 10. ನಿಮ್ಮ ಬೀಜ 50 ಲಕ್ಷದ್ದಾದರೆ ನಿಮ್ಮ ಪಾಲು 5 ಲಕ್ಷ. ಹಡಗಿನ ಮಾಲೀಕರು ತಮ್ಮ 60 ಕೋಟಿಗೆ 6 ಕೋಟಿ ಹೊರುತ್ತಾರೆ.

ಆದರೆ ಅಂತಿಮ ಲೆಕ್ಕಕ್ಕೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಸರಕು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೆ ಈ ಸೆಕ್ಯುರಿಟಿ. ಅದು ಕೆಲವು ಸಲ ತುಂಬಾ ದೊಡ್ಡದಿರುತ್ತದೆ. 2018ರ ಮಾರ್ಚ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಮೇರ್ಸ್ಕ್ ಹೊನಾಮ್ ಹಡಗಿಗೆ ಬೆಂಕಿ ಬಿತ್ತು, ಐದು ಜನ ತೀರಿಕೊಂಡರು. ಆಗ ಸಾಲ್ವೇಜ್‌ಗೆ ಶೇ. 42.5, ಜನರಲ್ ಆವರೇಜ್‌ಗೆ ಶೇ. 11.5, ಒಟ್ಟು ಸರಕಿನ ಬೆಲೆಯ ಶೇ. 54ರಷ್ಟು ಸೆಕ್ಯುರಿಟಿ ಕೇಳಿದ್ದರು. ವಿಮೆ ಇಲ್ಲದ ಸಣ್ಣ ವ್ಯಾಪಾರಿಗಳ ಗತಿ ಯೋಚಿಸಿ.

ಸಹಿ ಹಾಕಿದರೆ ಎಲ್ಲ ಒಪ್ಪಿದ ಹಾಗಲ್ಲ. ಕಾನೂನುಬದ್ಧವಾಗಿ ಬರಬೇಕಾದ ಪಾಲನ್ನು ಕೊಡುತ್ತೇನೆ ಅನ್ನುವುದು ಬಾಂಡ್. 'ಕಾನೂನುಬದ್ಧವಾಗಿ' ಅನ್ನುವುದೇ ಅಲ್ಲಿ ಮುಖ್ಯ. ಅವಘಡಕ್ಕೆ ಮಾಲೀಕರ ತಪ್ಪೇ ಕಾರಣ ಅಂತ ತೋರಿಸಿಕೊಟ್ಟರೆ ಪಾಲು ಕೊಡಬೇಕಾಗಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಸಿ.ಎಂ.ಎ. ಸಿ.ಜಿ.ಎಂ. ಲಿಬ್ರಾ. 2011ರಲ್ಲಿ ಚೀನಾದ ಷಿಯಾಮೆನ್ ಬಂದರಿನಿಂದ ಹೊರಡುವಾಗ ಆ ಹಡಗು ನೆಲ ಕಚ್ಚಿತು. ಹೆಚ್ಚಿನ ಸರಕಿನವರು ಪಾಲು ಕೊಟ್ಟರು, ಸುಮಾರು ಶೇ. 8ರಷ್ಟು ಜನ ಕೊಡಲ್ಲ ಅಂದರು. ಹಡಗಿನ ಪ್ರಯಾಣದ ಯೋಜನೆಯಲ್ಲೇ ದೋಷ ಇತ್ತು, ಹೊರಡುವಾಗಲೇ ಹಡಗು ಸಮುದ್ರಯಾನಕ್ಕೆ ಯೋಗ್ಯ ಇರಲಿಲ್ಲ ಅನ್ನುವುದು ಅವರ ವಾದ. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಹಾಗಾಗಿ ನೀವು ಸಹಿ ಹಾಕಿ, ಸರಕು ಬಿಡಿಸಿಕೊಳ್ಳಿ, ಜೊತೆಗೆ ನಮ್ಮ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿದ್ದೇವೆ ಅಂತ ಕವರಿಂಗ್ ಮೇಲ್‌ನಲ್ಲಿ ಬರೆಯಿರಿ. ಆಮೇಲಿನ ಜಗಳ ವಿಮೆಯವರು ನೋಡಿಕೊಳ್ಳುತ್ತಾರೆ.

ಪಣಂಬೂರು_ಸಿಎಚ್‌ಎ

ಮೇಡಂ ಹೇಳಿದ್ದು ಸರಿ. ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ಆ ನಾಲ್ಕು ಫಾರ್ಮ್‌ನಲ್ಲಿ ಒಂದು ನಾನ್-ಸೆಪರೇಷನ್ ಅಗ್ರಿಮೆಂಟ್ ಇರಬಹುದು. ಸುಟ್ಟ ಹಡಗನ್ನು ಅಲ್ಲೇ ಬಿಟ್ಟು ನಿಮ್ಮ ಕಂಟೇನರ್ ಬೇರೆ ಹಡಗಿನಲ್ಲಿ ಬಂದರೂ ಹಂಚಿಕೆಯ ಲೆಕ್ಕ ಹಾಗೇ ಮುಂದುವರಿಯುತ್ತದೆ ಅನ್ನುವ ಒಪ್ಪಂದ ಅದು. ಅದರಲ್ಲಿ ಗಾಬರಿಯಾಗುವಂಥದ್ದು ಏನಿಲ್ಲ. ಆದರೆ ಕಾಗದ ತಡ ಮಾಡಬೇಡಿ. ಕಂಟೇನರ್ ಪಣಂಬೂರಿಗೆ ಬಂದ ಮೇಲೆ ಬಂದರಿನ ಜಾಗದ ಬಾಡಿಗೆ (ಗ್ರೌಂಡ್ ರೆಂಟ್) ಬೇರೆ, ಕಂಟೇನರ್ ವಾಪಸ್ ತಡವಾದರೆ ಲೈನ್‌ನವರ ಡಿಟೆನ್ಷನ್ ಬೇರೆ. ಬೆಂಕಿಗೆ ವಿಮೆ ಇದೆ, ನಿಮ್ಮ ತಡಕ್ಕೆ ವಿಮೆ ಇಲ್ಲ. ಸೆಕ್ಯುರಿಟಿ ಕ್ಲಿಯರ್ ಆಗದೆ ಡಿ.ಒ. (ಡೆಲಿವರಿ ಆರ್ಡರ್) ಸಿಗುವುದಿಲ್ಲ, ಡಿ.ಒ. ಇಲ್ಲದೆ ನಾನು ಗಾಡಿ ಒಳಗೆ ಬಿಡಿಸಲು ಆಗುವುದಿಲ್ಲ.

ಸರ್ವೇಯರ್_ಉಡುಪಿ

ನಾನು ಸರಕಿನ ಸರ್ವೆ ಮಾಡುವವನು. ಗೇರುಬೀಜದವರಿಗೆ ಒಂದು ಮಾತು: ಕಂಟೇನರ್‌ಗೆ ಏನೂ ಆಗಿಲ್ಲ ಅಂತ ಲೈನ್‌ನವರು ಹೇಳಿದ್ದನ್ನು ನಂಬಿ ಸೀಲ್ ಒಡೆಯಬೇಡಿ. ಬೆಂಕಿ ಆರಿಸಲು ಸಮುದ್ರದ ನೀರನ್ನೇ ಎರಚುತ್ತಾರೆ. ಅದು ಬಾಗಿಲಿನ ರಬ್ಬರ್ ಸಂದಿಯಿಂದ ಒಳಗೆ ಹೋಗಿರಬಹುದು. ಹೊರಗಡೆ ಚೆಂದವೇ ಇರುತ್ತದೆ, ಒಳಗೆ ಕೆಳಗಿನ ಸಾಲಿನ ಗೋಣಿ ಒದ್ದೆಯಾಗಿ ಬೂಸ್ಟು ಹಿಡಿದಿರುತ್ತದೆ.

ನಾವು ಹೇಗೆ ನೋಡುತ್ತೇವೆ ಅಂತ ಹೇಳುತ್ತೇನೆ. ಒದ್ದೆ ಗೋಣಿಯ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದೆರಡು ಹನಿ ಹಾಕುತ್ತೇವೆ. ಹಾಲು ಒಡೆದ ಹಾಗೆ ಬೆಳ್ಳಗೆ ಗಟ್ಟಿಯಾದರೆ ಅಲ್ಲಿ ಉಪ್ಪು ಇದೆ, ಸಮುದ್ರದ ನೀರು ತಾಗಿದೆ. ಏನೂ ಆಗದಿದ್ದರೆ ಅದು ಸಿಹಿನೀರು, ಅಂದರೆ ಮಳೆ ಇಲ್ಲವೇ ಕಂಟೇನರ್ ಒಳಗಿನ ಬೆವರು. ಕಚ್ಚಾ ಬೀಜದಲ್ಲಿ ತೇವಾಂಶ ಜಾಸ್ತಿ ಇದ್ದರೆ ಬಿಸಿಲಿಗೆ ಆವಿಯಾಗಿ ಮೇಲಿನ ತಗಡಿಗೆ ಕೂತು ಮತ್ತೆ ಗೋಣಿ ಮೇಲೆ ತೊಟ್ಟಿಕ್ಕುತ್ತದೆ. ಆಗ ಹಡಗಿನವರು ಇದು ಸರಕಿನದೇ ದೋಷ, ಇನ್ಹೆರೆಂಟ್ ವೈಸ್, ನಮಗೆ ಸಂಬಂಧ ಇಲ್ಲ ಅನ್ನುತ್ತಾರೆ. ಲಕ್ಷಾಂತರ ರೂಪಾಯಿಯ ವಾದ ಆ ಎರಡು ಹನಿಯ ಮೇಲೆ ನಿಂತಿರುತ್ತದೆ. ಹಾಗಾಗಿ ಲೈನ್‌ನವರ ಸರ್ವೇಯರ್‌ನನ್ನೂ ಕರೆಸಿ, ಜಂಟಿ ಸರ್ವೆ ಮಾಡಿಸಿ, ಅವರ ಎದುರಿಗೇ ಪರೀಕ್ಷೆ ಮಾಡಿಸಿ, ಸಹಿ ತಗೊಳ್ಳಿ.

ದಿನಗಳ ಲೆಕ್ಕವನ್ನೂ ಹೇಳುತ್ತೇನೆ. ಹಡಗಿನವರ ಹೊಣೆ ಹೇಳುವ ಅಂತಾರಾಷ್ಟ್ರೀಯ ಹೇಗ್ ನಿಯಮಗಳ ಪ್ರಕಾರ ಹೊರಗೆ ಕಾಣದ ಹಾನಿಗೆ ಡೆಲಿವರಿಯಾದ ಮೂರು ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಕೊಡದಿದ್ದರೆ ಕ್ಲೇಮ್ ಸಾಯುವುದಿಲ್ಲ, ಆದರೆ ಸರಕು ಸರಿಯಾಗಿಯೇ ತಲುಪಿದೆ ಅಂತ ಮೇಲ್ನೋಟಕ್ಕೆ ಪರಿಗಣಿಸುತ್ತಾರೆ, ಸಾಬೀತು ಮಾಡುವ ಹೊರೆ ನಿಮ್ಮದಾಗುತ್ತದೆ. ಒಂದು ವರ್ಷದ ಗಡುವು ಮಾತ್ರ ಗಟ್ಟಿ. ಒಂದು ವರ್ಷದೊಳಗೆ ದಾವೆ ಹೂಡಿರಬೇಕು. ಪತ್ರ ಬರೆದಿದ್ದೇವೆ, ಅವರು ನೋಡುತ್ತೇವೆ ಅಂದಿದ್ದಾರೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಮಾತುಕತೆ ನಡೀತಿದೆ ಅಂತ ಸುಮ್ನೆ ಕೂತು ಗಡುವು ದಾಟಿಸಿಕೊಂಡವರನ್ನು ತುಂಬಾ ನೋಡಿದ್ದೇನೆ. ಅವಧಿ ವಿಸ್ತರಣೆ ಬೇಕಿದ್ದರೆ ಲಿಖಿತವಾಗಿ ತಗೊಳ್ಳಿ.

ಗೇರುಬೀಜ_ಕುಡ್ಲ

ಇದು ಯಾರೂ ಹೇಳಿರಲಿಲ್ಲ ಸರ್, ತುಂಬಾ ಉಪಕಾರ. ಎಷ್ಟು ಮೊತ್ತದವರೆಗೆ ಅನ್ನುವುದಕ್ಕೂ ಮಿತಿ ಇದೆಯಾ?

ಸರ್ವೇಯರ್_ಉಡುಪಿ

ಇದೆ. ಹೇಗ್ ನಿಯಮಗಳನ್ನು ತಿದ್ದಿದ ಹೇಗ್-ವಿಸ್ಬಿ ಲೆಕ್ಕದಲ್ಲಿ ಒಂದು ಪ್ಯಾಕೇಜ್‌ಗೆ 666.67 ಎಸ್.ಡಿ.ಆರ್. ಅಥವಾ ಕಿಲೋಗೆ 2 ಎಸ್.ಡಿ.ಆರ್., ಯಾವುದು ಜಾಸ್ತಿಯೋ ಅದು. ಎಸ್.ಡಿ.ಆರ್. ಅಂದರೆ ಐ.ಎಂ.ಎಫ್. ಲೆಕ್ಕದ ಘಟಕ, ಒಂದು ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಬೆಲೆಯದ್ದು. ಕಚ್ಚಾ ಬೀಜಕ್ಕೆ ಕಿಲೋ ಲೆಕ್ಕವೇ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ನೀವು ಸುಲಿದ ತಿರುಳನ್ನು ರಫ್ತು ಮಾಡುವಾಗ ನೋಡಿಕೊಳ್ಳಿ, ಅದರ ಬೆಲೆ ಕಿಲೋ ಮಿತಿಗಿಂತ ಎಷ್ಟೋ ಮೇಲೆ. ಬಿ.ಎಲ್.ನಲ್ಲಿ 'ಒಂದು ಕಂಟೇನರ್' ಅಂತಷ್ಟೇ ಬರೆಸಿದರೆ ಇಡೀ ಕಂಟೇನರ್ ಒಂದೇ ಪ್ಯಾಕೇಜ್ ಆಗಿಬಿಡುತ್ತದೆ. 'ಇಷ್ಟು ಕಾರ್ಟನ್' ಅಂತ ಸಂಖ್ಯೆ ಬರೆಸಿದರೆ ಒಂದೊಂದು ಕಾರ್ಟನ್‌ಗೂ ಬೇರೆ ಬೇರೆ ಮಿತಿ. ಕಾಫಿಯವರಿಗೂ ಇದೇ ಮಾತು. ಬರೆಸಲು ಒಂದು ರೂಪಾಯಿ ಖರ್ಚಿಲ್ಲ.

ಜೆಬೆಲ್‌ಅಲಿ_ಕನ್ನಡಿಗ

ದುಬೈನಲ್ಲಿ ಶಿಪ್ಪಿಂಗ್ ಆಫೀಸಿನಲ್ಲಿ ಇದ್ದೇನೆ. ಇಷ್ಟೆಲ್ಲ ಪತ್ರ ವ್ಯವಹಾರ ಯಾಕೆ? ಹಾನಿ ಆಗಿದ್ದರೆ ಆ ಕಂಪನಿಯ ಹಡಗು ಮಂಗಳೂರಿಗೆ ಬಂದಾಗ ಅರೆಸ್ಟ್ ಮಾಡಿಸಿ (ಕೋರ್ಟ್ ಆದೇಶದಿಂದ ತಡೆದು ನಿಲ್ಲಿಸಿ), ಒಂದೇ ದಿನದಲ್ಲಿ ದಾರಿಗೆ ಬರುತ್ತಾರೆ.

ವಕೀಲೆ_ಬೆಂಗಳೂರು

ಅರೆಸ್ಟ್ ದೊಡ್ಡ ಅಸ್ತ್ರ, ಒಪ್ಪುತ್ತೇನೆ. ಆದರೆ ಎಲ್ಲರಿಗೂ ಎಲ್ಲ ಸಲವೂ ಸಿಗುವುದಿಲ್ಲ.

ಇಲ್ಲಿ ಎರಡು ಪದ ತಿಳಿದಿರಬೇಕು. ಇನ್ ಪರ್ಸೊನಮ್ ಅಂದರೆ ವ್ಯಕ್ತಿ ಅಥವಾ ಕಂಪನಿಯ ಮೇಲೆ ದಾವೆ. ಇನ್ ರೆಮ್ ಅಂದರೆ ಹಡಗಿನ ಮೇಲೆಯೇ ದಾವೆ, ಹಡಗೇ ಪ್ರತಿವಾದಿ. ಇದು ಯಾಕೆ ಬೇಕಾಯಿತು ಅಂದರೆ ಮಾಲೀಕ ಒಂದು ದೇಶದಲ್ಲಿ, ಧ್ವಜ ಇನ್ನೊಂದು ದೇಶದ್ದು, ನಡೆಸುವವರು ಮತ್ತೊಂದು ಕಡೆ. ನಮ್ಮ ಕೈಗೆ ಸಿಗುವುದು ಹಡಗು ಮಾತ್ರ, ಅದೂ ಬಂದರಿನಲ್ಲಿ ಇರುವ ತನಕ.

ನಮ್ಮ ದೇಶದಲ್ಲಿ ಈ ದಾರಿ ಅಗಲ ಆಗಿದ್ದು ಎಂ.ವಿ. ಎಲಿಸಬೆತ್ ಕೇಸಿನಿಂದ. 1984ರಲ್ಲಿ ಆ ವಿದೇಶಿ ಹಡಗು ಮರ್ಮಗೋವಾದಿಂದ ಸರಕು ತುಂಬಿಕೊಂಡು ಬಿ.ಎಲ್. ಕೊಡದೆ ಹೊರಟುಹೋಯಿತು. ಆಮೇಲೆ ವಿಶಾಖಪಟ್ಟಣಕ್ಕೆ ಬಂದಾಗ ಆಂಧ್ರ ಹೈಕೋರ್ಟ್ ಅದನ್ನು ಅರೆಸ್ಟ್ ಮಾಡಿಸಿತು. ಬ್ರಿಟಿಷರ ಕಾಲದ ಕಾನೂನಿನಲ್ಲಿ ಬಾಂಬೆ, ಕಲ್ಕತ್ತಾ, ಮದ್ರಾಸ್ ಹೈಕೋರ್ಟ್‌ಗಳಿಗೆ ಮಾತ್ರ ಆ ಅಧಿಕಾರ, ನಿಮಗಿಲ್ಲ ಅಂತ ಹಡಗಿನವರು ವಾದಿಸಿದರು. 1992ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಈಗ 2017ರ ಅಡ್ಮಿರಾಲ್ಟಿ (ಕಡಲ ವ್ಯಾಜ್ಯಗಳ) ಕಾಯ್ದೆ ಇದೆ, 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಕರ್ನಾಟಕ ಹೈಕೋರ್ಟ್ ಹೆಸರು ನೇರವಾಗಿ ಇದೆ. ಪಣಂಬೂರಿನಲ್ಲಿ ನಿಂತ ಹಡಗಿಗೆ ಬೆಂಗಳೂರಿನಲ್ಲಿ ಅರ್ಜಿ ಹಾಕಬಹುದು.

ಮಿತಿಗಳು ಏನು ಅಂದರೆ: ನಮ್ಮ ಪ್ರಾದೇಶಿಕ ಸಮುದ್ರದೊಳಗೆ, ಅಂದರೆ 12 ನಾಟಿಕಲ್ ಮೈಲಿಯೊಳಗೆ ಹಡಗು ಇರಬೇಕು. ನಿಮ್ಮ ಕ್ಲೇಮ್ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಪಟ್ಟಿ ಮಾಡಿದ ಕಡಲ ಕ್ಲೇಮ್‌ಗಳಲ್ಲಿ ಒಂದಾಗಿರಬೇಕು. ಹಡಗು ಅದೇ ಮಾಲೀಕರದ್ದು ಅಂತ ತೋರಿಸಬೇಕು. ಬಾಡಿಗೆಗೆ ತಂದ ಹಡಗಾದರೆ ಅಲ್ಲೇ ಅರ್ಧ ವಾದ ಕಳೆದುಹೋಗುತ್ತದೆ. ಕಾರಣ ಇಲ್ಲದೆ ಅರೆಸ್ಟ್ ಮಾಡಿಸಿದರೆ ಹಡಗಿನವರ ನಷ್ಟ ತುಂಬಿಕೊಡುತ್ತೇನೆ ಅಂತ ಕೋರ್ಟ್ ನಿಮ್ಮಿಂದ ಮುಚ್ಚಳಿಕೆ ಬರೆಸಿಕೊಳ್ಳಬಹುದು. ದೊಡ್ಡ ಹಡಗು ಒಂದು ದಿನ ನಿಂತರೆ ಎಷ್ಟು ನಷ್ಟ ಅಂತ ಜೆಬೆಲ್ ಅಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಮತ್ತೆ ಅರೆಸ್ಟ್ ಆದ ಹಡಗು ವರ್ಷಗಟ್ಟಲೆ ನಿಲ್ಲುವುದು ಅಪರೂಪ. ಮಾಲೀಕರು ಬ್ಯಾಂಕ್ ಗ್ಯಾರಂಟಿ ಇಲ್ಲವೇ ನಗದು ಕಟ್ಟುತ್ತಾರೆ, ಹಡಗು ಹೋಗುತ್ತದೆ, ಕೇಸ್ ಆ ಹಣದ ಮೇಲೆ ಮುಂದುವರಿಯುತ್ತದೆ. ಸೂಯೆಜ್‌ನಲ್ಲಿ ಸಿಕ್ಕಿಕೊಂಡ ಎವರ್ ಗಿವನ್ ನೆನಪಿದೆಯಾ? 2021ರ ಮಾರ್ಚ್ 29ಕ್ಕೇ ಅದನ್ನು ಬಿಡಿಸಿದರು. ಆದರೆ ಕಾಲುವೆ ಪ್ರಾಧಿಕಾರ ಮೊದಲು 91.6 ಕೋಟಿ ಡಾಲರ್ ಕೇಳಿತು, ಹಡಗನ್ನು ಅರೆಸ್ಟ್ ಮಾಡಿಸಿತು. ಒಪ್ಪಂದ ಆಗಿ ಹಡಗು ಹೊರಟಿದ್ದು ಜುಲೈ 7ಕ್ಕೆ. ಅದರ ಸಿಬ್ಬಂದಿ 25 ಜನ, ಎಲ್ಲರೂ ಭಾರತೀಯರು. ಅದರ ಮೇಲೂ ಜನರಲ್ ಆವರೇಜ್ ಘೋಷಣೆ ಆಗಿತ್ತು.

ಜೆಬೆಲ್‌ಅಲಿ_ಕನ್ನಡಿಗ

ಬಾಡಿಗೆ ಹಡಗಿನ ವಿಷಯ ಒಪ್ಪಿದೆ ಮೇಡಂ. ಬಿ.ಎಲ್. ಹಿಂದೆ ಲಂಡನ್ ಕೋರ್ಟಿಗೇ ಬರಬೇಕು ಅಂತ ಷರತ್ತಿದ್ದರೂ ಸೆಕ್ಯುರಿಟಿಗೋಸ್ಕರ ಇಲ್ಲಿ ಅರೆಸ್ಟ್ ಮಾಡಿಸುವವರನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.

ಮಲ್ಪೆ_ಬೋಟ್

ನೀವೆಲ್ಲ ಸರಕಿನವರ ಮಾತು ಆಡುತ್ತಿದ್ದೀರಿ. ಮೀನುಗಾರರ ವಿಷಯ ಯಾರು ಹೇಳುತ್ತಾರೆ? 2025ರ ಮೇ 25ಕ್ಕೆ ಕೊಚ್ಚಿ ಹತ್ತಿರ ಎಂ.ಎಸ್.ಸಿ. ಎಲ್ಸಾ 3 ಮುಳುಗಿತು. 640 ಕಂಟೇನರ್, ಅದರಲ್ಲಿ 13ರಲ್ಲಿ ಅಪಾಯದ ವಸ್ತು. ಪ್ಲಾಸ್ಟಿಕ್ ಗುಂಡುಗಳು ದಡಕ್ಕೆಲ್ಲ ಬಂದವು, ಮೀನು ತಿನ್ನಲು ಜನ ಹೆದರಿದರು. ಅದಾಗಿ ಎರಡು ವಾರಕ್ಕೆ ವಾನ್ ಹೈ 503 ಅನ್ನುವ ಹಡಗಿಗೆ ಬೆಂಕಿ ಬಿತ್ತು, ಬದುಕಿದ 18 ಜನರನ್ನು ನಮ್ಮ ಮಂಗಳೂರಿಗೇ ಕರೆತಂದರು. 2022ರಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಉಕ್ಕಿನ ಕಾಯಿಲ್ ಸಮೇತ ಮುಳುಗಿತು. ಸಮುದ್ರದ ಅಡಿಯಲ್ಲಿ ಬಿದ್ದಿದ್ದಕ್ಕೆ ನಮ್ಮ ಬಲೆ ಸಿಕ್ಕಿ ಹರಿದರೆ ಯಾವ ಬಾಂಡ್, ಯಾವ ಬಿ.ಎಲ್. ಇದೆ ನಮ್ಮ ಹತ್ತಿರ?

ವಕೀಲೆ_ಬೆಂಗಳೂರು

ಅಣ್ಣ, ನಿಮ್ಮ ಹತ್ತಿರ ಬಿ.ಎಲ್. ಇಲ್ಲದಿರಬಹುದು, ಆದರೆ ಸರಕಿನವರಿಗಿಂತ ಗಟ್ಟಿಯಾದ ಒಂದು ಹಕ್ಕು ಇದೆ. ಅದರ ಹೆಸರು ಮೇರಿಟೈಮ್ ಲೀನ್.

ಕಾಯ್ದೆಯ 9ನೇ ಸೆಕ್ಷನ್ ಐದು ಬಗೆಯ ಕ್ಲೇಮ್‌ಗಳಿಗೆ ಈ ಹಕ್ಕು ಕೊಡುತ್ತದೆ, ಅದೇ ಕ್ರಮದಲ್ಲಿ: ನಾವಿಕರ ಸಂಬಳ, ಪ್ರಾಣಹಾನಿ ಮತ್ತು ಗಾಯ, ಸಾಲ್ವೇಜ್, ಬಂದರಿನ ಶುಲ್ಕಗಳು, ಕೊನೆಗೆ ಹಡಗಿನ ಓಡಾಟದಿಂದ ಬೇರೆಯವರಿಗೆ ಆದ ಹಾನಿ. ಹಡಗಿನ ಮೇಲಿದ್ದ ಸರಕಿನ ಹಾನಿ ಈ ಐದನೆಯದರಲ್ಲಿ ಬರುವುದಿಲ್ಲ. ನಿಮ್ಮ ಬಲೆ, ನಿಮ್ಮ ಬೋಟು ಬರಬಹುದು. ಲೀನ್ ಇದ್ದರೆ ಹಡಗು ಮಾರಾಟವಾದರೂ, ಹೆಸರು ಬದಲಾದರೂ, ಧ್ವಜ ಬದಲಾದರೂ ಹಕ್ಕು ಹಡಗಿನ ಜೊತೆಗೇ ಹೋಗುತ್ತದೆ. ಇಂಗ್ಲೆಂಡಿನಲ್ಲಿ 1851ರ ಬೋಲ್ಡ್ ಬಕ್ಲೂ ಕೇಸಿನಲ್ಲಿ ಇದನ್ನು ಗಟ್ಟಿಯಾಗಿ ಹೇಳಿದರು. ಡಿಕ್ಕಿ ಹೊಡೆದ ಹಡಗನ್ನು ಏನೂ ಗೊತ್ತಿಲ್ಲದವನೊಬ್ಬ ಕೊಂಡಿದ್ದ, ಆದರೂ ಹಡಗು ಹೊಣೆಯಾಯಿತು. ನಮ್ಮ ಕಾಯ್ದೆಯಲ್ಲಿ ಇದಕ್ಕೆ ಒಂದು ವರ್ಷದ ಗಡುವು, ಸಂಬಳಕ್ಕೆ ಮಾತ್ರ ಎರಡು ವರ್ಷ.

ಹಡಗೇ ಮುಳುಗಿಹೋದರೆ? ಎಲ್ಸಾ 3ರಲ್ಲಿ ಆದದ್ದು ಅದೇ. ಕೇರಳ ಸರ್ಕಾರ 9,531 ಕೋಟಿ ರೂಪಾಯಿಯ ಅಡ್ಮಿರಾಲ್ಟಿ ದಾವೆ ಹಾಕಿತು. ಅದರಲ್ಲಿ 526.51 ಕೋಟಿ ಮೀನುಗಾರರ ನಷ್ಟದ ಬಾಬ್ತು. ಮುಳುಗಿದ ಹಡಗಿನ ಬದಲು ವಿಳಿಂಜಂಗೆ ಬಂದಿದ್ದ ಎಂ.ಎಸ್.ಸಿ. ಅಕಿಟೆಟಾ 2 ಅನ್ನು ಹೈಕೋರ್ಟ್ ಅರೆಸ್ಟ್ ಮಾಡಿಸಿತು. ಇದನ್ನು ಸಿಸ್ಟರ್ ಶಿಪ್ ಅರೆಸ್ಟ್ ಅನ್ನುತ್ತಾರೆ. ಎರಡೂ ಹಡಗಿನ ಮಾಲೀಕರು ಬೇರೆ ಬೇರೆ ಅಂತ ಕಂಪನಿ ಕಡೆಯಿಂದ ವಾದ ಬಂತು, ಈ ಥರದ ಕೇಸಿನಲ್ಲಿ ಅದು ಬಂದೇ ಬರುತ್ತದೆ. ಆಮೇಲೆ ಸೆಕ್ಯುರಿಟಿ ಮೊತ್ತವನ್ನು ಕೋರ್ಟ್ ಸುಮಾರು 1,227 ಕೋಟಿಗೆ ಇಳಿಸಿತು.

ನೀವು ಮಾಡಬೇಕಾದ್ದು: ಬಲೆ ಹರಿದ ಜಾಗದ ಜಿ.ಪಿ.ಎಸ್. ಗುರುತು ಅಲ್ಲೇ ಸೇವ್ ಮಾಡಿ. ಫೋಟೋ ತೆಗೆಯಿರಿ. ಬಲೆಯಲ್ಲಿ ಸಿಕ್ಕ ತುಂಡು ಎಸೆಯಬೇಡಿ. ಅವತ್ತೇ ಕರಾವಳಿ ಕಾವಲು ಪೊಲೀಸರಿಗೆ ಮತ್ತು ಮೀನುಗಾರಿಕೆ ಇಲಾಖೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಬಲೆ ಕೊಂಡ ಬಿಲ್, ರಿಪೇರಿ ಬಿಲ್, ಹಿಂದಿನ ತಿಂಗಳುಗಳ ಮೀನು ಮಾರಾಟದ ಚೀಟಿ ಜೋಡಿಸಿಡಿ. ನಷ್ಟ ನಿಜ ಇದ್ದರೂ ಕಾಗದ ಇಲ್ಲದ ಕಾರಣಕ್ಕೆ ಬಿದ್ದುಹೋಗುವ ಕ್ಲೇಮ್‌ಗಳು ಕಡಲ ತೀರದಲ್ಲಿ ಬಹಳ.

ಮಲ್ಪೆ_ಬೋಟ್

ಒಳ್ಳೇದಾಯಿತು ಮೇಡಂ. ನಮ್ಮ ಸಂಘದಲ್ಲಿ ಇದನ್ನು ಓದಿ ಹೇಳುತ್ತೇನೆ. ಆದರೆ ಲಿಮಿಟೇಷನ್ ಅಂತ ಒಂದು ಇದೆಯಂತಲ್ಲ, ಎಷ್ಟೇ ನಷ್ಟ ಆದರೂ ಇಷ್ಟೇ ಕೊಡುತ್ತೇವೆ ಅನ್ನುವುದು. ಅದು ಯಾವ ನ್ಯಾಯ?

ಜೆಬೆಲ್‌ಅಲಿ_ಕನ್ನಡಿಗ

ಅದಿಲ್ಲದಿದ್ದರೆ ಯಾರೂ ಹಡಗು ನಡೆಸುವುದಿಲ್ಲ ಅಣ್ಣ, ಯಾವ ವಿಮೆಯವರೂ ವಿಮೆ ಕೊಡುವುದಿಲ್ಲ. ಹಡಗಿನ ಟನ್ನೇಜ್ (ಗಾತ್ರ) ಮೇಲೆ ಮಿತಿ ಲೆಕ್ಕ ಹಾಕುತ್ತಾರೆ, ಆ ಮೊತ್ತವನ್ನು ಫಂಡ್ ಅಂತ ಕೋರ್ಟಿನಲ್ಲಿ ಇಡುತ್ತಾರೆ, ಎಲ್ಲರೂ ಅದರಲ್ಲೇ ಹಂಚಿಕೊಳ್ಳಬೇಕು.

ವಕೀಲೆ_ಬೆಂಗಳೂರು

ವ್ಯಾಪಾರದ ಕಾರಣ ಇದೆ, ನಿಜ. ಆದರೂ ಈ ವಿಷಯದಲ್ಲಿ ನಾನು ಮಲ್ಪೆಯವರ ಕಡೆ. ಸರಕಿನವರು ಈ ಮಿತಿಯನ್ನು ಒಪ್ಪಂದದಲ್ಲೇ ಒಪ್ಪಿಕೊಂಡು ವ್ಯವಹಾರಕ್ಕೆ ಬಂದವರು, ವಿಮೆ ಮಾಡಿಸಿದವರು. ಬಲೆ ಹಾಕಿ ಕೂತ ಮೀನುಗಾರ ಯಾವ ಒಪ್ಪಂದಕ್ಕೂ ಸಹಿ ಹಾಕಿದವನಲ್ಲ.

2024ರ ಮಾರ್ಚ್ 26ಕ್ಕೆ ಬಾಲ್ಟಿಮೋರ್‌ನಲ್ಲಿ ಡಾಲಿ ಹಡಗು ಸೇತುವೆಗೆ ಗುದ್ದಿ ಆರು ಕೆಲಸಗಾರರು ಸತ್ತರು. ಕೆಲವೇ ದಿನದಲ್ಲಿ ಹಡಗಿನವರು 1851ರ ಅಮೆರಿಕದ ಕಾನೂನು ಹಿಡಿದು ತಮ್ಮ ಹೊಣೆ ಸುಮಾರು 4.37 ಕೋಟಿ ಡಾಲರ್‌ಗೆ ಸೀಮಿತ ಅಂತ ಅರ್ಜಿ ಹಾಕಿದರು. ಟೈಟಾನಿಕ್ ಮಾಲೀಕರೂ ಇದೇ ಕಾನೂನಿನ ಮೊರೆ ಹೋಗಿದ್ದರು. ಡಾಲಿ ವಿಷಯದಲ್ಲಿ ಅಮೆರಿಕ ಸರ್ಕಾರ ತನ್ನ ಖರ್ಚಿನ ಬಾಬ್ತಿಗೇ ಸುಮಾರು 10.2 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು, ಅಂದರೆ ಅವರು ಹೇಳಿದ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ಅರ್ಜಿ ಹಾಕಿದ ಮಾತ್ರಕ್ಕೆ ಮಿತಿ ಸಿಕ್ಕಿಬಿಡುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಅಮೆರಿಕದಲ್ಲಿ ಮಾಲೀಕರಿಗೆ ದೋಷ ಮೊದಲೇ ಗೊತ್ತಿತ್ತು ಅಂತ ತೋರಿಸಿದರೆ ಮಿತಿ ಒಡೆಯುತ್ತದೆ. ಭಾರತ ಒಪ್ಪಿರುವ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಅದನ್ನು ಒಡೆಯುವುದು ಇನ್ನೂ ಕಷ್ಟ, ಮಾಲೀಕರು ಬೇಕೆಂದೇ ಇಲ್ಲವೇ ಇಂಥ ನಷ್ಟ ಆಗುತ್ತದೆ ಅಂತ ತಿಳಿದೂ ಬೇಜವಾಬ್ದಾರಿಯಿಂದ ನಡೆದುಕೊಂಡರು ಅಂತ ಸಾಬೀತು ಮಾಡಬೇಕು.

ಕಲ್ಲಿದ್ದಲು_ಗೋದಾಮು

ನಡುವೆ ಒಂದು ಪ್ರಶ್ನೆ. ನಾವು ಇಡೀ ಹಡಗು ಬಾಡಿಗೆಗೆ ತಗೊಂಡು ಮಾಲು ತರಿಸುತ್ತೇವೆ. ಜೂನ್‌ನಲ್ಲಿ ಮಳೆಯಿಂದ ಇಳಿಸಲು ಆಗಲಿಲ್ಲ, ಆ ದಿನಗಳಿಗೂ ಡೆಮರೇಜ್ (ಹಡಗು ತಡವಾದದ್ದಕ್ಕೆ ಶುಲ್ಕ) ಹಾಕಿದ್ದಾರೆ. ಸರಿಯಾ?

ಪಣಂಬೂರು_ಸಿಎಚ್‌ಎ

ಚಾರ್ಟರ್ ಪಾರ್ಟಿ, ಅಂದರೆ ಹಡಗಿನ ಬಾಡಿಗೆ ಒಪ್ಪಂದ, ತೆಗೆದು ನೋಡಿ. ಹಡಗು ರೆಡಿ ಇದೆ ಅಂತ ಮಾಸ್ಟರ್ (ಕ್ಯಾಪ್ಟನ್) ಎನ್.ಒ.ಆರ್. ನೋಟಿಸ್ ಕೊಟ್ಟ ಮೇಲೆ ಲೇಟೈಮ್, ಅಂದರೆ ತುಂಬಲು ಇಳಿಸಲು ಕೊಟ್ಟ ಸಮಯ, ಶುರು. 'ವೆದರ್ ವರ್ಕಿಂಗ್ ಡೇ' ಅಂತಿದ್ದರೆ ಲೇಟೈಮ್ ಒಳಗೆ ಮಳೆ ಬಂದ ಹೊತ್ತನ್ನು ಕಳೆಯುತ್ತಾರೆ. ಆದರೆ ಲೇಟೈಮ್ ಮುಗಿದು ಒಮ್ಮೆ ಡೆಮರೇಜ್ ಶುರುವಾಯಿತೋ, ಆಮೇಲೆ ಮಳೆ, ಭಾನುವಾರ, ರಜೆ ಯಾವುದನ್ನೂ ಕಳೆಯುವುದಿಲ್ಲ, ಒಪ್ಪಂದದಲ್ಲಿ ಬೇರೆ ಹೇಳಿದ್ದರೆ ಮಾತ್ರ ಬಿಡುವು. ಟೈಮ್ ಶೀಟ್ ತರಿಸಿಕೊಂಡು ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್ (ಬಂದರಿನಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆ) ಜೊತೆ ಗಂಟೆ ಗಂಟೆ ತಾಳೆ ನೋಡಿ.

ಕಾರವಾರ_ನಾವಿಕ

ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ತಮ್ಮ ಒಂದು ಸಣ್ಣ ಕಾರ್ಗೋ ಹಡಗಿನಲ್ಲಿ ಎ.ಬಿ. (ಡೆಕ್ ನಾವಿಕ) ಆಗಿ ಇದ್ದಾನೆ. ಹಡಗು ಹೊರಗಡೆ ಲಂಗರು ಹಾಕಿ ನಿಂತಿದೆ. ಮೂರು ತಿಂಗಳಿಂದ ಸಂಬಳ ಇಲ್ಲ, ಮಾಲೀಕ ಫೋನ್ ಎತ್ತುವುದಿಲ್ಲ, ಕುಡಿಯುವ ನೀರೂ ಲೆಕ್ಕ ಹಾಕಿ ಕೊಡುತ್ತಿದ್ದಾರೆ. ಕೆಲಸಕ್ಕೆ ಸೇರಿಸಿದ ಮ್ಯಾನಿಂಗ್ ಏಜೆಂಟ್ ಮುಂದಿನ ವಾರ, ಮುಂದಿನ ವಾರ ಅನ್ನುತ್ತಾನೆ. ಮನೆಯಲ್ಲಿ ಅಮ್ಮ ಅಳುತ್ತಾರೆ. ಹಡಗು ಬಿಟ್ಟು ಬಂದುಬಿಡಲಾ ಅಂತ ಕೇಳುತ್ತಿದ್ದಾನೆ. ಬಂದರೆ ಸಂಬಳ ಹೋಗುತ್ತದಾ?

ಮಾಜಿ_ಚೀಫ್‌ಆಫೀಸರ್

ತಮ್ಮಾ, ನಾನು ಸಮುದ್ರದಲ್ಲಿ ಬಹಳ ವರ್ಷ ಇದ್ದು ಈಗ ಕುಂದಾಪುರದಲ್ಲಿ ಇದ್ದೇನೆ. ಮೊದಲು ಅಬ್ಯಾಂಡನ್‌ಮೆಂಟ್ ಅನ್ನುವ ಪದ ತಿಳಿದುಕೋ. ಎಂ.ಎಲ್.ಸಿ. ಅಂತ ನಾವಿಕರ ಕೆಲಸದ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದ ಇದೆ, ಭಾರತ 2015ರಲ್ಲಿ ಅದಕ್ಕೆ ಸೇರಿದೆ. ಅದರ ಪ್ರಕಾರ ಮಾಲೀಕ ಸಂಬಂಧ ಕಡಿದುಕೊಂಡು ಕನಿಷ್ಠ ಎರಡು ತಿಂಗಳ ಸಂಬಳ ಕೊಡದಿದ್ದರೂ, ಊಟ ನೀರು ಕೊಡದಿದ್ದರೂ, ಊರಿಗೆ ಕಳಿಸುವ ಖರ್ಚು ಕೊಡದಿದ್ದರೂ ನಾವಿಕರನ್ನು ಕೈಬಿಟ್ಟ ಹಾಗೆ. 2017ರಿಂದ ಇದಕ್ಕೆ ಮಾಲೀಕರು ವಿಮೆ ಥರದ ಸೆಕ್ಯುರಿಟಿ ಇಡಲೇಬೇಕು. ಅದರ ಸರ್ಟಿಫಿಕೇಟ್ ಹಡಗಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿರಬೇಕು, ಸಾಮಾನ್ಯವಾಗಿ ಮೆಸ್ ಹತ್ತಿರದ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ. ತಮ್ಮನಿಗೆ ಹೇಳು, ಅದರ ಫೋಟೋ ತೆಗೆದು ಕಳಿಸಲಿ. ಅದರಲ್ಲಿ ವಿಮೆಯವರ ಹೆಸರು, ತುರ್ತು ಫೋನ್ ನಂಬರ್ ಇರುತ್ತದೆ. ನಾಲ್ಕು ತಿಂಗಳವರೆಗಿನ ಸಂಬಳ ಮತ್ತು ಊರಿಗೆ ಬರುವ ಖರ್ಚು ಅದರಿಂದ ಸಿಗುತ್ತದೆ.

ಮುಂಬೈನ ಡಿ.ಜಿ. ಶಿಪ್ಪಿಂಗ್‌ಗೆ (ಕೇಂದ್ರ ಸರ್ಕಾರದ ಹಡಗು ಇಲಾಖೆ) ಏಜೆಂಟಿನ ಆರ್.ಪಿ.ಎಸ್.ಎಲ್. (ನೇಮಕಾತಿ ಲೈಸೆನ್ಸ್) ನಂಬರ್ ಹಾಕಿ ದೂರು ಕೊಡು. ಐ.ಟಿ.ಎಫ್.ಗೂ (ಸಾರಿಗೆ ಕಾರ್ಮಿಕರ ಅಂತಾರಾಷ್ಟ್ರೀಯ ಒಕ್ಕೂಟ) ಬರೆ. ಎಲ್ಲರೂ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿದರೆ ತೂಕ ಜಾಸ್ತಿ.

ವಕೀಲೆ_ಬೆಂಗಳೂರು

ಹಡಗಿನಿಂದ ಇಳಿದರೆ ಸಂಬಳದ ಹಕ್ಕು ಹೋಗುವುದಿಲ್ಲ. ಮೇಲೆ ಹೇಳಿದ ಲೀನ್ ಪಟ್ಟಿಯಲ್ಲಿ ಮೊದಲ ಸ್ಥಾನ ನಾವಿಕರ ಸಂಬಳದ್ದೇ, ಊರಿಗೆ ಬರುವ ಖರ್ಚೂ ಅದರಲ್ಲೇ ಸೇರಿದೆ. ಕೋರ್ಟ್ ಹಡಗನ್ನು ಹರಾಜು ಹಾಕಿದರೆ ಸಾಲ ಕೊಟ್ಟ ಬ್ಯಾಂಕಿಗಿಂತ ಮುಂಚೆ ನಾವಿಕರಿಗೆ ಹಣ ಬರಬೇಕು. ಆದರೆ ಸಂಬಳಕ್ಕೆ ನಾನು ಮೇಲೆ ಹೇಳಿದ ಎರಡು ವರ್ಷದ ಗಡುವು ಭಾರತದ ಕಾಯ್ದೆಯದ್ದು. ಹಡಗು ಬೇರೆ ದೇಶದ ಬಂದರಿನಲ್ಲಿ ಇದ್ದರೆ ಅಲ್ಲಿಯ ಕಾನೂನು ನಡೆಯುತ್ತದೆ, ಆ ಊರಿನ ವಕೀಲರೇ ಬೇಕು. ಐ.ಟಿ.ಎಫ್.ನವರು ಅಲ್ಲಿ ದಾರಿ ತೋರಿಸುತ್ತಾರೆ.

ಇಳಿಯುವ ಮುಂಚೆ ಒಂದು ಎಚ್ಚರ. ಸ್ವಲ್ಪ ಹಣ ಕೈಗಿಟ್ಟು 'ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್' ಅಂತ ಬರೆದ ಕಾಗದಕ್ಕೆ ಸಹಿ ಕೇಳುತ್ತಾರೆ. ಹಾಕಬಾರದು. ಹಾಕದೆ ಬಿಡುವುದೇ ಇಲ್ಲ ಅಂದರೆ ಬಾಕಿ ಇಷ್ಟಿದೆ, ಇದು ಭಾಗಶಃ ಪಾವತಿ ಮಾತ್ರ ಅಂತ ಸಹಿಯ ಮೇಲೆ ಕೈಯಲ್ಲಿ ಬರೆಯಲಿ, ಅದರ ಫೋಟೋ ತಕ್ಷಣ ನಿಮಗೆ ಕಳಿಸಲಿ.

ಕಾರವಾರ_ನಾವಿಕ

ಅವನ ಹತ್ತಿರ ಸಂಬಳದ ಸ್ಲಿಪ್ ಎಲ್ಲ ತಿಂಗಳದ್ದೂ ಇಲ್ಲ ಮೇಡಂ. ಕಾಂಟ್ರಾಕ್ಟ್ ಕಾಪಿ ಇದೆ.

ಮಾಜಿ_ಚೀಫ್‌ಆಫೀಸರ್

ಕಾಂಟ್ರಾಕ್ಟ್ ಇದ್ದರೆ ಅರ್ಧ ಕೆಲಸ ಆಯಿತು. ಸಿ.ಡಿ.ಸಿ.ಯಲ್ಲಿ (ನಾವಿಕರ ಸೇವಾ ಪುಸ್ತಕ) ಹಡಗು ಸೇರಿದ ಸೈನ್ ಆನ್ ಮುದ್ರೆ ಇರುವ ಪುಟ, ಹಿಂದೆ ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್, ಇವತ್ತಿನ ಕ್ರೂ ಲಿಸ್ಟ್ ಮೂರನ್ನೂ ಸೇರಿಸಿ. ಮಾಸ್ಟರ್ ಹತ್ತಿರ ಪೋರ್ಟೇಜ್ ಬಿಲ್ (ಸಿಬ್ಬಂದಿಯ ಸಂಬಳದ ಲೆಕ್ಕ) ಇರುತ್ತದೆ, ಅದರಲ್ಲಿ ಒಬ್ಬೊಬ್ಬರ ಬಾಕಿಯೂ ಬರೆದಿರುತ್ತದೆ. ಮಾಸ್ಟರ್‌ಗೂ ಸಂಬಳ ಬಂದಿರುವುದಿಲ್ಲ, ಹಾಗಾಗಿ ಕೇಳಿದರೆ ಸಹಿ ಹಾಕಿ ಕಾಪಿ ಕೊಟ್ಟೇ ಕೊಡುತ್ತಾರೆ. ಇವತ್ತು ರಾತ್ರಿ ನೆಟ್‌ವರ್ಕ್ ಸಿಕ್ಕಾಗಲೇ ತರಿಸಿಕೊ.